ಬಿಗಿದು ಕಳಿಸಿದ ತಂತಿ

ಗಿಟಾರಿನ ಗವಸು ಹರಿದಿತ್ತು. ಹೊಲಿಯೋಣವೆಂದು ಹೊಲಿಗೆ ಡಬ್ಬಿ ತೆಗೆದರೆ ದಾರದ ಉಂಡೆಗಳ ಅಡಿಯಿಂದ ಒಂದು ಚೌಕ ಪೊಟ್ಟಣ ಹೊರಬಂತು. ಬೇಸ್ ಗಿಟಾರಿನ ತಂತಿಗಳು. ಪೊಟ್ಟಣ ಇನ್ನೂ ಒಡೆದಿಲ್ಲ. ಹಗುರವಾದವು ಎಂದು ಮೇಲೆ ಇಂಗ್ಲಿಷಿನಲ್ಲಿ ಬರೆದಿದೆ. ಇವು ಹೊಲಿಗೆ ಡಬ್ಬಿಗೆ ಹೇಗೆ ಬಂದವೆಂದರೆ, ನಮ್ಮ ಮನೆಯಲ್ಲಿ ಯಜಮಾನರು ಕೈಹಾಕದ ಜಾಗ ಅದೊಂದೇ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅವರು ಶೇಂಗಾ ಹುಡುಕುವ ನೆಪದಲ್ಲಿ ಆಗಾಗ ತಪಾಸಣೆ ಮಾಡುತ್ತಿರುತ್ತಾರೆ. ನಾಲ್ಕು ತಂತಿ ಕೊಂಡದ್ದರಲ್ಲಿ ಬಚ್ಚಿಡುವಂಥದ್ದೇನಿತ್ತು ಎಂದು ನೀವು ಕೇಳಬಹುದು. ಗೊತ್ತಾಗಿದ್ದರೆ ಅವರು ತಮ್ಮನಿಗೆ ಹೇಳುತ್ತಿದ್ದರು, ತಮ್ಮ ತನ್ನ ಹೆಂಡತಿಗೆ ಹೇಳುತ್ತಿದ್ದ. ಆ ಹೆಂಡತಿ ಪದ್ಮ. ನನಗೆ ಹಗುರದ ತಂತಿ ಬೇಕಾಯಿತೆಂದು ಪದ್ಮಳಿಗೆ ತಿಳಿಯುವುದಕ್ಕಿಂತ ಬೆರಳು ಬಿದ್ದುಹೋಗುವುದೇ ವಾಸಿ ಅಂದುಕೊಂಡಿದ್ದೆ.

ಪದ್ಮ ನನ್ನ ನೆಗೆಣ್ಣಿ. ಅಂದರೆ ಒಂದೇ ಮನೆಗೆ ನಾನು ಹಿರಿಯ ಸೊಸೆ, ಅವಳು ಕಿರಿಯ ಸೊಸೆ. ಮೈದುನನಿಗೆ ಸಿರುಗುಪ್ಪದಲ್ಲಿ ಔಷಧಿ ಅಂಗಡಿ, ಹಾಗಾಗಿ ಅವರು ಅಲ್ಲಿ. ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ದಿನಚರಿ ಬರೆಯುವ ಚಟವಿದೆ. ಆದರೆ ನನ್ನ ದಿನಚರಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ಉಳಿದ ದಿನ ಕಾಗೆ ಕಾಲಿನಂತಿರುವ ನನ್ನ ಅಕ್ಷರ, ಯಾರ ಮೇಲಾದರೂ ಹೊಟ್ಟೆಕಿಚ್ಚಾದ ದಿನ ದುಂಡಗಾಗಿಬಿಡುತ್ತದೆ. ದುಂಡಗೆ ಬರೆದದ್ದು ನಿಜವಿರಬೇಕೆಂದು ಓದುವವರಿಗೆ ಅನಿಸುತ್ತದೆ, ಅದೇ ಅಪಾಯ. ಪದ್ಮಳ ಬಗ್ಗೆ ಬರೆದ ಪುಟಗಳೆಲ್ಲ ಕಾಪಿ ಪುಸ್ತಕದಷ್ಟು ಚೆಂದವಾಗಿವೆ. ಆದ್ದರಿಂದ ಇಲ್ಲಿ ಹೇಳುವುದನ್ನೂ ನೀವು ಒಂದಿಷ್ಟು ಅಳೆದು ತೂಗಿ ನಂಬಬೇಕು.

ಭಜನಾ ಮಂಡಳಿಗೆ ಬೇಸ್ ಗಿಟಾರು ಯಾಕೆ ಬಂತು ಎಂದು ಕೇಳದವರಿಲ್ಲ. ನಮ್ಮದು ಹೆಣ್ಣುಮಕ್ಕಳ ಮಂಡಳಿ. ಹಾಡುವವರು ಶಾರದಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಊರಿನ ಒಂದು ಮದುವೆ ಆರ್ಕೆಸ್ಟ್ರಾ ಮುಚ್ಚಿದಾಗ ಅವರ ಸಾಮಾನೆಲ್ಲ ಬಿಕರಿಗೆ ಬಂದಿತ್ತು. ಶಾರದಮ್ಮ ನೋಡಲು ಹೋದದ್ದು ಮೈಕು. ಆದರೆ ಮೂಲೆಯಲ್ಲಿದ್ದ ಗಿಟಾರಿನ ದಪ್ಪ ತಂತಿಯನ್ನು ಸುಮ್ಮನೆ ಮೀಟಿದರಂತೆ, ಎದೆಯೊಳಗೆ ಯಾರೋ ಬಾಗಿಲು ತೆಗೆದಂತಾಯಿತಂತೆ. ತಂದೇಬಿಟ್ಟರು. "ಇದೂ ವೀಣಾದ ಜಾತಿದ ನೋಡ್ರಿ. ನಾಕು ತಂತಿ, ಕೆಳಗ ಪಟ್ಟಿ. ನೀವು ವೀಣಾ ಕಲ್ತೀರಲ್ಲ, ಬಾರಿಸ್ರಿ" ಎಂದು ನನ್ನ ತೊಡೆಯ ಮೇಲಿಟ್ಟರು. ಹೀಗೆ ಐವತ್ತರ ಅಂಚಿನಲ್ಲಿ, ಒಂಬತ್ತು ಗಜದ ಸೀರೆ ಉಡುವ ಅಜ್ಜಿಯ ಮೊಮ್ಮಗಳಾದ ನಾನು ಬೇಸ್ ಗಿಟಾರು ವಾದಕಿಯಾದೆ.

ವೀಣೆ ಕಲಿತದ್ದು ನಿಜ. ಎಷ್ಟು ಕಲಿತೆ ಎಂಬುದು ಬೇರೆ ಮಾತು. ಆಗ ನನ್ನ ಜೊತೆ ಪಕ್ಕದ ಬೀದಿಯ ಒಬ್ಬ ಹುಡುಗಿ ಪಾಠಕ್ಕೆ ಬರುತ್ತಿದ್ದಳು. ತಿಂಗಳೊಳಗೆ ಅವಳ ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿತು. ನನಗೆ ಮೂಡಲಿಲ್ಲ. ಸಾಲೆಯಲ್ಲಿ ಅವಳು ಆ ಗೆರೆಯನ್ನು ಎಲ್ಲರಿಗೂ ತೋರಿಸುತ್ತಿದ್ದಳು, ಹುಡುಗಿಯರು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾನು ಪಾಠಕ್ಕೆ ಹೋಗುವ ಮುನ್ನ ಕಿಟಕಿಯ ಜಾಲರಿಗೆ ಬೆರಳೊತ್ತಿಕೊಂಡು ಗೆರೆ ಮೂಡಿಸಿಕೊಂಡು ಹೋಗುತ್ತಿದ್ದೆ. ಇದನ್ನು ಮನೆಯಲ್ಲಿ ಹೇಳಿದರೆ ನನ್ನ ತಂಗಿ, "ನಮ್ಮ ಮನಿಗೆ ಎಲ್ಲಿತ್ತು ಜಾಲರಿ? ಬರೇ ಸರಳಿದ್ವು" ಎನ್ನುತ್ತಾಳೆ. ಹಾಗಾದರೆ ಬಾಚಣಿಗೆಗೆ ಒತ್ತಿಕೊಂಡಿದ್ದೆನೋ ಏನೋ. ಸಾಧನ ಮರೆತಿದೆ, ಕಿಚ್ಚು ನೆನಪಿದೆ.

ಪಾಠದಲ್ಲಿ ಕಲಿತದ್ದರಲ್ಲಿ ಒಂದು ಮಾತ್ರ ಕೈಯಲ್ಲಿ ಉಳಿದಿತ್ತು: ಶ್ರುತಿ ಕೂಡಿಸುವಾಗ ತಂತಿ ಕೆಳಗಿನಿಂದ ಏರಿ ಬರಬೇಕು. ಹಾಡುವವರ 'ಸ' ಎಲ್ಲಿದೆಯೋ ಅಲ್ಲಿಯವರೆಗೆ ಬಿರಡೆ ತಿರುವಿ ಬಿಗಿಯಬೇಕು. ಗಿಟಾರಿಗೂ ನಾನು ಅದನ್ನೇ ಮಾಡಿದೆ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಶಾರದಮ್ಮನವರ 'ಸ' ಮುಟ್ಟುವತನಕ ಏರಿಸಿದೆ, ಉಳಿದ ಮೂರನ್ನೂ ಅದರ ಹಿಂದೆ ಅಷ್ಟಷ್ಟೇ ಏರಿಸಿದೆ. ಆರ್ಕೆಸ್ಟ್ರಾದವರು ಹೀಗೆಲ್ಲ ಮಾಡುವುದಿಲ್ಲ. ಕಂಪನಿಯವನು ಹೇಳಿದ ಜಾಗದಲ್ಲೇ ತಂತಿ ಬಿಟ್ಟು, ಬೆರಳನ್ನು ಕುತ್ತಿಗೆಯ ಮೇಲಿನ ಬೇಕಾದ ಪಟ್ಟಿಗೆ ಸರಿಸಿಕೊಳ್ಳುತ್ತಾರೆ. ಆದರೆ ಮೀಟಿದೊಡನೆ ಬಿಡಿ ತಂತಿಯೇ 'ಸ' ಅನ್ನದಿದ್ದರೆ ವೀಣೆ ಕಲಿತವರ ಜೀವ ಒಪ್ಪುವುದಿಲ್ಲ.

ಒಪ್ಪಿತು ಜೀವ, ಬೆರಳು ಒಪ್ಪಲಿಲ್ಲ. ಒಂದು ಹಾಡು ಮುಗಿಯುವಷ್ಟರಲ್ಲಿ ಉಂಗುರದ ಬೆರಳಿನ ಗೆಣ್ಣು ಬಿಸಿಯಾಗುತ್ತಿತ್ತು. ಬೇಸಿಗೆಯ ಬಳ್ಳಾರಿಯಲ್ಲಿ ಉಕ್ಕಿನ ತಂತಿಯೂ ಬಿಸಿ, ಬೆರಳೂ ಬಿಸಿ, ಯಾವುದು ಯಾವುದನ್ನು ಸುಡುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಆದರೂ ಮಂಡಳಿಯಲ್ಲಿ ಗಿಟಾರು ಹಿಡಿಯುವವಳು ನಾನೊಬ್ಬಳೇ ಇದ್ದಾಗ ಆ ನೋವಿಗೂ ಒಂದು ಗತ್ತಿತ್ತು.

ಆಮೇಲೆ ಸಿರುಗುಪ್ಪ ಕಡೆಯ ಕಾರ್ಯಕ್ರಮಗಳು ಶುರುವಾದವು. ಕಾಲೇಜು ಬಿಟ್ಟು ಪ್ರತಿ ಸಲ ಹೋಗಲು ನನಗಾಗುತ್ತಿರಲಿಲ್ಲ. "ನಾ ಕಲೀಲೇನಕ್ಕ?" ಎಂದಳು ಪದ್ಮ. ಅವಳು ವೀಣೆ ಮುಟ್ಟಿದವಳಲ್ಲ. ಕಲಿಯಲಿ, ನಾಲ್ಕು ದಿನ ಬೆರಳು ಬಾತರೆ ತಾನೇ ಬಿಡುತ್ತಾಳೆ ಎಂದು ದೊಡ್ಡ ಮನಸ್ಸು ಮಾಡಿ ಒಂದಿಷ್ಟು ತೋರಿಸಿಕೊಟ್ಟೆ. ಬೆರಳು ಬಾತುಕೊಳ್ಳಲಿಲ್ಲ. ಒಂದು ದಿನ ಅವರ ಮನೆಗೆ ಹೋದರೆ ಪದ್ಮ ಅಡುಗೆಕಟ್ಟೆಗೆ ಒರಗಿ ನಿಂತು, ಒಂದು ಕಣ್ಣು ಗ್ಯಾಸಿನ ಮೇಲಿನ ಹಾಲಿನ ಮೇಲಿಟ್ಟು ಬಾರಿಸುತ್ತಿದ್ದಾಳೆ. ನಡುವೆ ಸೊಪ್ಪು ಮಾರುವವಳೊಂದಿಗೆ ಕಿಟಕಿಯಿಂದಲೇ ಚೌಕಾಸಿ ಬೇರೆ. ಹಾಲು ಉಕ್ಕಲಿಲ್ಲ, ತಾಳ ತಪ್ಪಲಿಲ್ಲ. ಮತ್ತು ಆ ನಾದ! ನಾನು ಮೀಟಿದರೆ ಡಣ್ ಎನ್ನುವ ಗಿಟಾರು ಅವಳ ಕೈಯಲ್ಲಿ ನೆಲದ ಅಡಿಯಿಂದ ಮಾತಾಡುತ್ತಿತ್ತು.

ಅದೇ ಗಿಟಾರು, ಅದೇ ತಂತಿ. ಅಂದಮೇಲೆ ವ್ಯತ್ಯಾಸ ಇರುವುದು ಬೆರಳಿನಲ್ಲಿ. ಇತಿಹಾಸದ ವಿದ್ಯಾರ್ಥಿನಿ ಇಷ್ಟು ಬೇಗ ತೀರ್ಮಾನಕ್ಕೆ ಬರಬಾರದಿತ್ತು. ಬಂದೆ.

ಶಾರದಮ್ಮನವರದ್ದೊಂದು ರೀತಿಯಿದೆ. ಹಾಡು ಮುಗಿದಮೇಲೆ ಪಕ್ಕವಾದ್ಯದವರಿಗೆ "ಚಲೋ ಆತು" ಎನ್ನುತ್ತಾರೆ. ಎಲ್ಲರಿಗೂ ಅದೇ. ಆದರೆ ನಿಜವಾಗಿ ಮನಸ್ಸು ತುಂಬಿದಾಗ ಅವರಿಗೆ ಅರಿವಿಲ್ಲದೆ ತವರಿನ ತೆಲುಗು ಬರುತ್ತದೆ: "ಬಾಗುಂದಿ." ಅದು ವರ್ಷದಲ್ಲಿ ಯಾವಾಗಲೋ ಒಮ್ಮೆ ಯಾರಿಗೋ ಸಿಗುವ ಮಾತು. ಪದ್ಮಳಿಗೆ ಮೊದಲ ಕಾರ್ಯಕ್ರಮದಲ್ಲೇ ಸಿಕ್ಕಿತಂತೆ. ನನಗೆ ಫೋನು ಮಾಡಿ, "ಅಕ್ಕ, ಶಾರದಮ್ಮಾರು ನಂಗ 'ಬಾಗುಂದಿ ಪದ್ಮಾ' ಅಂದ್ರು! ಹಂಗಂದ್ರ ಚಲೋ ಅಂತನ ಅಲ್ಲ?" ಎಂದಳು. ಆಂಧ್ರದ ಗಡಿಗೆ ಅಂಟಿದ ಸಿರುಗುಪ್ಪದಲ್ಲಿದ್ದುಕೊಂಡು ಬಾಗುಂದಿ ಅಂದರೆ ಗೊತ್ತಿಲ್ಲವಂತೆ. "ಹೂಂ, ಅಡ್ಡಿ ಇಲ್ಲ ಅಂತ ಅರ್ಥ" ಎಂದೆ. ಆ ದಿನದ ದಿನಚರಿ ಬಹಳ ದುಂಡಗಿದೆ.

ಬಳ್ಳಾರಿ ಕಡೆಯ ಕಾರ್ಯಕ್ರಮ ನನಗೆ, ಸಿರುಗುಪ್ಪ ಕಡೆಯದು ಅವಳಿಗೆ. ಹೀಗಾಗಿ ಗಿಟಾರು ಬಸ್ಸಿನಲ್ಲಿ ಓಡಾಡತೊಡಗಿತು. ಅಮ್ಮನ ಹಳೇ ಇಳಕಲ್ ಸೀರೆಯಿಂದ ಹೊಲಿದ ಗವಸು ಅದಕ್ಕೆ. ಒಮ್ಮೆ ಕಂಡಕ್ಟರ್ ಅದನ್ನು ಮೇಲಿಂದ ಕೆಳಗೆ ನೋಡಿ, "ಸೀರಿ ಉಟ್ಟೈತಿ ಅಂದ್ರ ಇದಕ್ಕೂ ಫ್ರೀ ಟಿಕೆಟ್ ಕೊಡ್ಬೇಕೇನ್ರಿ?" ಎಂದು ಇಡೀ ಬಸ್ಸನ್ನು ನಗಿಸಿದ್ದ.

ಸಿರುಗುಪ್ಪದಿಂದ ಮರಳಿ ಬಂದಾಗಲೆಲ್ಲ ತಂತಿಗಳು ಸಡಿಲವಾಗಿರುತ್ತಿದ್ದವು. "ಬಾರಿಸಿ ಹಂಗ ಬಿಸಾಕ್ತಾಳ. ವಾದ್ಯ ಅಂದ್ರ ಏನು ಅಂತ ಗೊತ್ತಿದ್ರಲ್ಲ" ಎಂದು ಗೊಣಗುತ್ತ ಬಿರಡೆ ತಿರುವುತ್ತಿದ್ದೆ. ಯಜಮಾನರು ಪೇಪರಿನಿಂದ ತಲೆಯೆತ್ತದೆ, "ಹರೀತೈತಿ ನೋಡು" ಎನ್ನುತ್ತಿದ್ದರು. ತಂತಿಯೋ ಸಂಬಂಧವೋ, ಬಿಡಿಸಿ ಹೇಳುತ್ತಿರಲಿಲ್ಲ.

ತಂತಿ ಹಳತಾದಾಗ ಬೆಂಗಳೂರು ರೋಡಿನ ಕಡೆಯ ವಾದ್ಯದ ಅಂಗಡಿಗೆ ಹೋದೆ. ಬೇಸ್ ತಂತಿಯ ದಪ್ಪವನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಎಣಿಸುತ್ತಾರೆ. ಅತ್ಯಂತ ದಪ್ಪ ತಂತಿಯ ಅಂಕಿಯೇ ಇಡೀ ಕಟ್ಟಿನ ಹೆಸರು. ನಮ್ಮದು ನೂರಾ ಐದು. ಅಂಗಡಿಯವನು ನಾನು ಬೆರಳು ಒತ್ತಿಕೊಳ್ಳುವುದನ್ನು ನೋಡಿದ.

"ಮೇಡಂ, ಬೆರಳಿಗೆ ತ್ರಾಸ ಆಗಾಕತ್ತಿದ್ರ ತೊಂಬತ್ತೈದು ಹಾಕ್ರಿ. ತಂತಿ ಸಣ್ಣ ಆದಷ್ಟು ಒತ್ತಾಕ ಹಗುರ. ಆದ್ರ ಅದನ್ನ ಸಡ್ಲ ಬಿಡಬಾರದು ನೋಡ್ರಿ, ಪಟ್ಟಿಗೆ ಬಡದು ಗರ್ ಅಂತೈತಿ."

"ನಮ್ಮ ಪದ್ಮ ಹೋದ ಸಲ ಬಂದಾಗ ಯಾವುದು ಒಯ್ದ್ಲು?"

"ಸಿರುಗುಪ್ಪದವ್ರಾ? ನೂರಾ ಐದ್ ರೀ. ಹಗುರದ್ದು ತೋರ್ಸಿದೆ. 'ಬ್ಯಾಡ್ರಿ, ಇದ ಆರಾಮ ಐತಿ' ಅಂದ್ರು."

ಆರಾಮವಂತೆ!

"ನಂಗೂ ನೂರಾ ಐದ ಕೊಡ್ರಿ."

"ಮತ್ತ ಬೆರಳು?"

"ಬೆರಳು ನಂದು. ನಾ ನೋಡ್ಕೊಂತೀನಿ."

ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಸಂಗನಕಲ್ಲಿನ ಕಡೆಯ ಗುಡ್ಡಗಳಿಗೆ ಕರೆದೊಯ್ಯುತ್ತೇವೆ. ಅಲ್ಲಿ ಕೆಲವು ಕರೀ ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ. ಬಡಿದು ಬಡಿದು ಸವೆದ ಗುಳಿಗಳೂ ಇವೆ. ಬರವಣಿಗೆ ಹುಟ್ಟುವ ಮೊದಲೇ ಇಲ್ಲಿ ಜನ ಸಂಗೀತ ಬಾರಿಸಿದ್ದಾರೆ ಎಂದು ಪಾಠ ಹೇಳುತ್ತೇನೆ. ಆ ಸಲ ಮಾತ್ರ ಬೆರಳಿಗೆ ಪಟ್ಟಿ ಸುತ್ತಿಕೊಂಡು ನಿಂತಿದ್ದ ನನಗೆ ಬೇರೆಯೇ ಯೋಚನೆ. ಬಡಿಯುತ್ತಿದ್ದವಳ ಪಕ್ಕದ ಬಂಡೆಯ ಮೇಲೆ ಇನ್ನೊಬ್ಬಳು ಕೂತು, 'ಅವಳ ಬಂಡೆಯೇ ಚಲೋ ಐತಿ, ಅದಕ್ಕ ಹಂಗ ಕೇಳತೈತಿ' ಎಂದು ಹಲ್ಲು ಕಡಿದಿರಲೇಬೇಕು. ಅದಕ್ಕೆ ಮಾತ್ರ ಪುರಾವೆ ಉಳಿದಿಲ್ಲ.

ಅಷ್ಟರಲ್ಲಿ ಕುರುಗೋಡಿನಿಂದ ಕರೆ ಬಂತು. ಮಂಡಳಿ ಅದುವರೆಗೆ ಕಂಡದ್ದಕ್ಕಿಂತ ದೊಡ್ಡ ಸಭೆ. ತಕರಾರು ಅಲ್ಲೇ ಹುಟ್ಟಿತು. ಕುರುಗೋಡು ಬಳ್ಳಾರಿ ಕಡೆಯದೋ, ಸಿರುಗುಪ್ಪ ಕಡೆಯದೋ? ನಡುವಿನ ಊರುಗಳಿಗಾಗಿ ರಾಜರು ಕಾದಾಡಿದ್ದನ್ನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅವರ ಕಷ್ಟ ಆಗ ಅರ್ಥವಾಯಿತು. ಶಾರದಮ್ಮ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ಇದರ ಕುತ್ತಿಗಿ ಬಾಗಾಕತ್ತೈತಿ. ಬಸ್ಸಿನ್ಯಾಗ ತಿರುಗಾಡಿದ್ದು ಸಾಕು. ಸಿರುಗುಪ್ಪದಾಗ ಇಬ್ರೂ ಬಾರಿಸಿ ತೋರಿಸ್ರಿ. ಕುರುಗೋಡಿನ್ಯಾಗ ಯಾರು ಬಾರಸ್ತೀರೋ ಅವರ ಮನ್ಯಾಗ ಇದು ಇರಲಿ" ಎಂದರು.

ಆ ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯಲು ಬೆರಳು ಮಡಚಲಿಲ್ಲ. ಯಜಮಾನರಿಗೆ ಹಿಟ್ಟು ನಾದಿದ್ದಕ್ಕೆ ಎಂದೆ. ಮರುದಿನ ಡಾಕ್ಟರರು ಕೀಲಿನ ಬಾವು ಎಂದರು, ಬೆರಳಿಗೆ ಬಲ ಬೀಳುವ ಕೆಲಸ ಬಿಡಿ ಎಂದರು. ಹೀಗೇ ಆದರೆ ಗಿಟಾರು ಸಿರುಗುಪ್ಪಕ್ಕೇ ಹೋಗುತ್ತದೆ, ಹೋದರೆ ಮರಳಿ ಬರುವುದಿಲ್ಲ. ಅದನ್ನು ನೆನೆದಾಗ ನನಗೇ ಆಶ್ಚರ್ಯವಾಗುವಷ್ಟು ಅಳು ಬಂತು. ಪದ್ಮಳನ್ನು ಸೋಲಿಸುವುದಕ್ಕೆ ಬಾರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಯಾವಾಗಲೋ ಅದು ನನಗೆ ಬೇಕೇ ಬೇಕಾದ ವಸ್ತುವಾಗಿಬಿಟ್ಟಿತ್ತು. ಸಂಜೆ ಕಾಲೇಜಿನಿಂದ ಬಂದು ಅದನ್ನು ಹೊಟ್ಟೆಗೆ ಒತ್ತಿಕೊಂಡು ಮೀಟಿದರೆ, ದಿನವಿಡೀ ಮಾತಾಡಿ ಒಣಗಿದ ಎದೆಗೆ ಆ ನಡುಕ ಇಳಿಯುತ್ತಿತ್ತು. ಅದು ಇಲ್ಲದ ಸಂಜೆಯನ್ನು ಊಹಿಸಲು ಆಗಲಿಲ್ಲ. ಅಂಗಡಿಗೆ ಹೋಗಿ, ಆಚೀಚೆ ನೋಡಿ, ತೊಂಬತ್ತೈದರ ಪೊಟ್ಟಣ ಕೊಂಡೆ. ಅಂಗಡಿಯವನು ಏನೂ ಕೇಳಲಿಲ್ಲ, ಅದೊಂದು ಉಪಕಾರ. ಆದರೆ ಹಾಕಲು ಧೈರ್ಯವಾಗಲಿಲ್ಲ. ಬ್ಯಾಗಿನ ತಳದಲ್ಲಿಟ್ಟುಕೊಂಡು, ಕೊನೇ ಗಳಿಗೆಯಲ್ಲಿ ನೋಡೋಣವೆಂದು ಸಿರುಗುಪ್ಪದ ಬಸ್ಸು ಹತ್ತಿದೆ.

ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಾಗ ವಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ತಿನ್ನದೆ ಕೂತದ್ದು ನನ್ನ ಆಯುಷ್ಯದಲ್ಲಿ ಅದೊಂದೇ ಸಲವಿರಬೇಕು. ಅಲ್ಲಿಂದಾಚೆ ಹಸಿರು ಗದ್ದೆ, ಅಕ್ಕಿ ಗಿರಣಿಗಳ ತೌಡಿನ ವಾಸನೆ. ಪದ್ಮ ಬಾಗಿಲಲ್ಲೇ ಗಿಟಾರು ಇಸಿದುಕೊಂಡಳು. ಶಾರದಮ್ಮ ಆಗಲೇ ಬಂದು ಕೂತಿದ್ದರು.

"ಮೊದಲು ಪದ್ಮ ಬಾರಿಸ್ಲಿ" ಎಂದರು.

ಪದ್ಮ ಗವಸು ತೆಗೆದು, ಕೂತು, ಬಿರಡೆಗೆ ಕೈಹಾಕಿದಳು. ಕಿರ್ ಕಿರ್ ಎಂದು ತಿರುವತೊಡಗಿದಳು. ನಾನು ನೋಡುತ್ತಲೇ ಇದ್ದೆ. ಬಿಚ್ಚುತ್ತಿದ್ದಾಳೆ!

"ಯಾಕ ಬಿಚ್ತಿ? ಶ್ರುತಿ ಕೂಡಿಸೇ ತಂದೀನಿ" ಎಂದೆ.

ಪದ್ಮ ತಲೆ ಎತ್ತಲಿಲ್ಲ. "ಅಕ್ಕ, ನೀವು ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ತೀನಿ. ಪ್ರತಿ ಸಲ ಯಾಕಷ್ಟು ಬಿಗದು ಕಳಿಸ್ತೀರಿ? ಬಿಚ್ಚಿ ಬಿಚ್ಚಿ ನನ್ನ ಮಣಿಕಟ್ಟು ಬಿದ್ದೋತು."

"ನಾ ಎಲ್ಲಿ ಬಿಗಿತೀನಿ? ನೀನ ಸಡ್ಲ ಮಾಡಿ ಕಳಿಸ್ತಿ. ನಾ ಶ್ರುತಿಗೆ ಏರಸ್ತೀನಿ."

"ಏರಸ್ತೀರಾ? ನಾ ಇಳಸ್ತೀನಲ್ಲ!" ಎಂದು ಪದ್ಮ ಕಣ್ಣರಳಿಸಿದಳು. ನಾನು ದಪ್ಪ ತಂತಿಯನ್ನು ಎಳೆದು ಎಳೆದು ಯಾವ 'ಸ' ಮುಟ್ಟಿಸುತ್ತಿದ್ದೆನೋ, ಅವಳು ಅದರ ಪಕ್ಕದ ಎರಡನೇ ತಂತಿಯನ್ನು ಸ್ವಲ್ಪ ಸಡಿಲಿಸಿ ಅದೇ 'ಸ' ಮಾಡಿಕೊಂಡಿದ್ದಳು. ಉಳಿದವನ್ನೂ ಹಾಗೇ ಇಳಿಸಿದಾಗ ದಪ್ಪ ತಂತಿ ತಾನಾಗಿ ಕೆಳಗಿನ 'ಪ' ಆಗುತ್ತಿತ್ತು. ನೆಲದ ಅಡಿಯ ಮಾತು ಅದೇ.

"ಇದನ್ನ ಯಾರು ಹೇಳಿಕೊಟ್ರು?" ಎಂದೆ.

"ಯಾರಿಲ್ಲಕ್ಕ. ಬಿಗಿದ್ರ ಹರದು ಕಣ್ಣಿಗೆ ಬಡೀತೈತಿ ಅಂತ ಅಂಜಿಕಿ ನಂಗ. ಇಳಸೋದ್ರಾಗ ಅಂಜಿಕಿ ಇಲ್ಲಲ್ಲ." ಆಮೇಲೆ ದನಿ ತಗ್ಗಿಸಿ ಅಂದಳು: "ನಾ ಏನಂದ್ಕೊಂಡಿದ್ದೆ ಗೊತ್ತೇನ್ರಿ? ನಾ ಬಾರಿಸಬಾರದು ಅಂತನ ನೀವು ಬಿಗದು ಕಳಿಸ್ತೀರಿ ಅಂತ."

"ಏ ಹುಚ್ಚಿ, ನಾ ಯಾಕ ಹಂಗ ಮಾಡ್ಲಿ?" ಎಂದು ನಕ್ಕೆ. ನಕ್ಕದ್ದು ನೆನಪಿದೆ. ಆದರೆ ಬಿರಡೆ ತಿರುವುವಾಗಿನ ಆ ಸಂಜೆಗಳಲ್ಲಿ ಮನಸ್ಸಿನಲ್ಲಿ ಏನಿತ್ತೆಂದು ಎಷ್ಟು ಕೆದಕಿದರೂ ನನಗೆ ಸಾಕ್ಷಿ ಸಿಗುವುದಿಲ್ಲ. ಶ್ರುತಿಯೇ ಇತ್ತು ಎಂದು ಹೇಳಬಲ್ಲೆ. ಶ್ರುತಿ ಮಾತ್ರ ಇತ್ತು ಎಂದು ಹೇಳಲಾರೆ.

ಅವಳು ಬಾರಿಸಿದ ಮೇಲೆ ನನ್ನ ಸರದಿ. ಅವಳು ಇಳಿಸಿದ ತಂತಿಯ ಮೇಲೆಯೇ ಬೆರಳಿಟ್ಟೆ. ಹದಕ್ಕೆ ಬಂದ ಕಣಕದ ಮೇಲೆ ಇಟ್ಟಂತಿತ್ತು. ಅದೇ ನೂರಾ ಐದು, ಅದೇ ದಪ್ಪ, ಆದರೆ ಒತ್ತಿದರೆ ಒಪ್ಪಿಕೊಳ್ಳುತ್ತಿತ್ತು. ಗೆಣ್ಣು ತುಟಿಪಿಟಕ್ಕೆನ್ನಲಿಲ್ಲ. ಬ್ಯಾಗಿನಲ್ಲಿದ್ದ ಹಗುರದ ತಂತಿ ಈ ಸಡಿಲಿಗೆ ಬಂದಿದ್ದರೆ ಪಟ್ಟಿಗೆ ಬಡಿದು ಗರ್ ಅನ್ನುತ್ತಿತ್ತು. ಅಂದರೆ ಹಟಕ್ಕೆ ಬಿದ್ದು, ಪದ್ಮಳ ಮೇಲಿನ ಕಿಚ್ಚಿಗೆ ನಾನು ಕೊಂಡ ದಪ್ಪ ತಂತಿಯೇ ಸರಿಯಾಗಿತ್ತು. ಸುಖಕ್ಕೆಂದು ವಿವೇಚನೆಯಿಂದ ಕೊಂಡದ್ದೇ ಕೆಲಸಕ್ಕೆ ಬಾರದಾಯಿತು. ಇದರಿಂದ ಯಾವ ನೀತಿ ತೆಗೆಯಬೇಕೋ ನನಗಿನ್ನೂ ತಿಳಿದಿಲ್ಲ.

ಶಾರದಮ್ಮ ಇಬ್ಬರನ್ನೂ ನೋಡಿದರು. ಅವರು ಬಾಯಿ ತೆಗೆಯುವ ಮೊದಲೇ ಪದ್ಮ, "ಕುರುಗೋಡಿಗೆ ಅಕ್ಕನ ಬಾರಿಸ್ಲಿ ಬಿಡ್ರಿ. ನಂಗ ಹಿಡಿಯಾಕ ಕಲಿಸಿದಾಕಿ ಅಕ್ಕನ" ಎಂದುಬಿಟ್ಟಳು. ಗೆದ್ದದ್ದನ್ನು ಹೀಗೆ ತಟ್ಟೆಯಲ್ಲಿಟ್ಟು ಕೊಟ್ಟರೆ ಸೋತವರು ಏನು ಮಾಡಬೇಕು? ಅವಳ ಬೆರಳು, ಅವಳ ನಾದ ಸಾಲದೆಂದು ಅವಳ ಒಳ್ಳೆಯತನಕ್ಕೂ ಹೊಟ್ಟೆ ಉರಿಸಿಕೊಳ್ಳಬೇಕಾಯಿತು.

ಕುರುಗೋಡಿನಲ್ಲಿ ಸಭೆ ತುಂಬಿತ್ತು. ಹಿಂದಿನ ಬಂಡೆಗುಡ್ಡಗಳು ಹಗಲಿನ ಕಾವನ್ನು ಇನ್ನೂ ಬಿಡುತ್ತಿದ್ದವು. ಪದ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು, ತಾಳ ಹಾಕುತ್ತ. ಶಾರದಮ್ಮ ಯಾವಾಗಲೂ ಕಣ್ಣು ಮುಚ್ಚಿಯೇ ಹಾಡುವವರು. ನಾನು ಅವರ ಬೆನ್ನ ಹಿಂದೆ. ಆ ದಿನ ಬೆರಳು ಎಲ್ಲಿದೆ ಎಂಬುದೇ ನನಗೆ ಮರೆತಿತ್ತು. ಕೊನೆಯ ಹಾಡಿನಲ್ಲಿ ಅವರು ಕೆಳಗಿನ 'ಪ'ಕ್ಕೆ ಇಳಿದು ನಿಂತಾಗ ನಾನೂ ದಪ್ಪ ತಂತಿಯನ್ನು ಮೀಟಿ ಬಿಟ್ಟೆ. ದನಿ ಯಾವುದು, ತಂತಿ ಯಾವುದು ಎಂದು ಬೇರೆ ಮಾಡಲಾಗದಂತೆ ಎರಡೂ ಒಂದಾಗಿ, ನಿಧಾನವಾಗಿ ಆರಿದವು.

ಶಾರದಮ್ಮ ಕಣ್ಣು ತೆರೆಯದೆ, ತಿರುಗದೆ, ಮೆಲ್ಲಗೆ ಅಂದರು:

"ಬಾಗುಂದಿ, ಪದ್ಮಾ."

ಮೈಕು ಇನ್ನೂ ಚಾಲೂ ಇತ್ತು. ಇಡೀ ಕುರುಗೋಡು ಕೇಳಿತು. ಮುಂದಿನ ಸಾಲಿನ ಪದ್ಮ ನಾಲಿಗೆ ಕಚ್ಚಿಕೊಂಡಳು.

ಶಾರದಮ್ಮನವರಿಗೆ ತಾವು ಹಾಗಂದದ್ದು ನೆನಪೇ ಇಲ್ಲ. ಕೇಳಿದರೆ, "ನಿಮ್ಮ ಹೆಸರ ಅಂದೀನಿ ಬಿಡ್ರಿ" ಎನ್ನುತ್ತಾರೆ. ನನ್ನ ನೆನಪನ್ನು ನಾನು ನಂಬುವುದಿಲ್ಲ ಎಂದೆನಲ್ಲ, ಇದೊಂದನ್ನು ನಂಬುತ್ತೇನೆ.

ಗಿಟಾರು ಈಗ ನಮ್ಮ ಮನೆಯಲ್ಲೇ ಇದೆ. ಬೆರಳೂ ಸುಮ್ಮನಿದೆ. ಬರುವ ವಾರ ಸಿರುಗುಪ್ಪದಲ್ಲೊಂದು ಕಾರ್ಯಕ್ರಮ. ಪದ್ಮ ಬಾರಿಸಲಿ ಎಂದು ನಾನೇ ಹೇಳಿದ್ದೇನೆ. ಅದಕ್ಕೇ ಈ ಗವಸಿನ ಹೊಲಿಗೆ. ಹಗುರದ ಪೊಟ್ಟಣವನ್ನು ಮತ್ತೆ ದಾರದ ಉಂಡೆಗಳ ಅಡಿಗೆ ಸೇರಿಸಿದೆ. ಹರಿದ ಬಾಯಿ ಹೊಲಿದು, ಗಿಟಾರನ್ನು ಒಳಗಿಡುವ ಮುನ್ನ ದಪ್ಪ ತಂತಿಯನ್ನೊಮ್ಮೆ ಮೀಟಿದೆ. ಅದೇ ಕೆಳಗಿನ 'ಪ'. ಯಾರ ಕೈ ಎಂದು ಯಾರೂ ಹೇಳಲಾರರು.

ಬಿರಡೆಗೆ ಕೈ ಹೋಯಿತು. ಈ ಸಲ ಶ್ರುತಿಯ ನೆಪವಿಲ್ಲ, ಅಭ್ಯಾಸಬಲವೆನ್ನುವಂತೆಯೂ ಇಲ್ಲ. ಅರ್ಧ ಸುತ್ತು ಬಿಗಿದೆ. ಅಷ್ಟೇ. ಸಿರುಗುಪ್ಪದಲ್ಲಿ ಅವಳು ಕೂತು ಅದನ್ನು ಬಿಚ್ಚಲಿ. ಬಿಚ್ಚುವಾಗ, ಇದು ಯಾರ ಕೈಯೆಂದು ಅವಳೊಬ್ಬಳಿಗಾದರೂ ಗೊತ್ತಾಗಲಿ.